ಬೂದಿಯ ನೆಲದ ದ್ರಾಕ್ಷಾರಸ

ಇಟಲಿ ದೇಶದ ನೇಪಲ್ಸ್ ನಗರದಿಂದ ಬೆಳಗಿನ ಹೊತ್ತು ಹೊರಡುವ ಪ್ರವಾಸಿ ಬಸ್ಸುಗಳಲ್ಲಿ ಒಂದು ಬಗೆಯ ಟಿಕೆಟಿಗೆ ಬಹಳ ಬೇಡಿಕೆಯಿದೆ. ಬೆಳಿಗ್ಗೆ ಮಾರ್ಗದರ್ಶಕರೊಡನೆ ಎರಡು ಗಂಟೆಗಳ ಕಾಲ ಪೊಂಪೇಯಿ ನಗರದ ಅವಶೇಷಗಳ ದರ್ಶನ. ಮಧ್ಯಾಹ್ನ ವೆಸೂವಿಯಸ್ ಪರ್ವತದ ಇಳಿಜಾರಿನಲ್ಲಿರುವ ದ್ರಾಕ್ಷಿತೋಟವೊಂದರಲ್ಲಿ ಊಟ, ಜೊತೆಗೆ ಆ ನೆಲದ್ದೇ ಆದ ಮೂರು ನಾಲ್ಕು ಬಗೆಯ ದ್ರಾಕ್ಷಾರಸವನ್ನು ರುಚಿ ನೋಡುವ ಅವಕಾಶ. ಸಂಜೆ ಮರಳಿ ವಸತಿಗೆ. ರೋಮಾಪುರಿ, ಅಸ್ಸೀಸಿಗಳಿಗೆ ಯಾತ್ರೆ ಹೋಗುವ ನಮ್ಮ ಕುಟುಂಬಗಳಲ್ಲಿ ಕೆಲವು ಪೊಂಪೇಯಿಯ ಜಪಸರ ಮಾತೆಯ ಮಹಾದೇವಾಲಯವನ್ನೂ ಸಂದರ್ಶಿಸುತ್ತವೆ. ಅಲ್ಲಿಂದ ಪುರಾತನ ನಗರದ ದ್ವಾರಕ್ಕೆ ನಡೆದೇ ಹೋಗಬಹುದು. ಆದುದರಿಂದ ಇಂಥ ಪ್ರವಾಸವು ನಮ್ಮವರಿಗೆ ಅಪರಿಚಿತವೇನಲ್ಲ.

ನೋಡುವುದಕ್ಕೆ ಇದೊಂದು ಸುಂದರ ದಿನ. ಆದರೆ ಈ ಒಂದೇ ಟಿಕೆಟಿನೊಳಗೆ ಒಂದು ನೈತಿಕ ಪ್ರಶ್ನೆ ಅಡಗಿ ಕುಳಿತಿದೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಉಸಿರುಗಟ್ಟಿ ಸತ್ತವರ ಆಕೃತಿಗಳನ್ನು ಗಾಜಿನಾಚೆ ನಿಂತು ನೋಡಿದವನು, ಮಧ್ಯಾಹ್ನ ಒಂದು ಗಂಟೆಗೆ ಅವರನ್ನು ಕೊಂದ ಅದೇ ಬೆಟ್ಟದ ಮೇಲೆ ಕುಳಿತು ಬಟ್ಟಲೆತ್ತಿ ನಗುವುದು ಸರಿಯೆ? ಸತ್ತವರಿಗೆ ನಾವು ಸಲ್ಲಿಸಬೇಕಾದ ಗೌರವಕ್ಕೆ ಇದರಿಂದ ಚ್ಯುತಿ ಬರುವುದಿಲ್ಲವೆ? ಅಥವಾ ಇದೆಲ್ಲ ಅತಿಯಾದ ಸೂಕ್ಷ್ಮತೆಯೆ? "ಎರಡು ಸಾವಿರ ವರ್ಷಗಳ ಹಿಂದಿನ ಮಾತು, ಅದರಲ್ಲಿ ತಪ್ಪೇನು ಫಾದರ್?" ಎಂದು ಯಾರಾದರೂ ಕೇಳಿದರೆ ಏನೆಂದು ಉತ್ತರಿಸಬೇಕು? ಈ ಪ್ರಶ್ನೆಯನ್ನು ನಿಮ್ಮೊಡನೆ ಸಾವಕಾಶವಾಗಿ ಪರಿಶೀಲಿಸಬೇಕೆಂಬುದು ನನ್ನ ಆಶಯ.

ಮೊದಲಿಗೆ ಒಂದು ತಪ್ಪು ಉತ್ತರವನ್ನು ಬದಿಗಿಡೋಣ. ಇಲ್ಲಿ ದ್ರಾಕ್ಷಾರಸವೇ ದೋಷಿಯಲ್ಲ. ಕುಡಿತವು ಮನೆಗಳನ್ನು ಮುರಿದಿರುವುದನ್ನು ನಮ್ಮ ಧರ್ಮಕೇಂದ್ರಗಳಲ್ಲಿ ನಾವೆಲ್ಲ ಕಂಡಿದ್ದೇವೆ. ಅದರ ವಿಷಯದಲ್ಲಿ ಎಚ್ಚರ ಸದಾ ಬೇಕು. ಆದರೆ ಪ್ರಭು ಯೇಸು ಕಾನಾ ಊರಿನ ಮದುವೆಮನೆಯಲ್ಲಿ ಕುಳಿತವರು. ರೊಟ್ಟಿಯ ಜೊತೆಗೆ ದ್ರಾಕ್ಷಾರಸವೂ ನಮ್ಮ ಬಲಿಪೀಠವನ್ನು ಸೇರುತ್ತದೆ. ಮಿತವಾಗಿ ರುಚಿ ನೋಡುವ ಪ್ರವಾಸಿಯನ್ನು ಅದೊಂದೇ ಕಾರಣಕ್ಕೆ ನಾವು ದೂಷಿಸಲಾರೆವು.

ಸತ್ತವರ ಸನಿಹದಲ್ಲಿ ಉಣ್ಣುವುದು ಕುಡಿಯುವುದು ಅವಮಾನವೆ? ಅದೂ ಅಲ್ಲ. ನಮ್ಮ ಊರುಗಳ ಪದ್ಧತಿಯನ್ನೇ ನೆನಪಿಸಿಕೊಳ್ಳಿ. ಮಣ್ಣು ಮಾಡಿ ಬಂದವರಿಗೆ ಸಾವಿನ ಮನೆಯಲ್ಲಿ ಗಂಜಿಯನ್ನೋ ಊಟವನ್ನೋ ಬಡಿಸುತ್ತಾರೆ. ಅಳುತ್ತಿದ್ದ ಮಗಳ ಕೈಗೆ ನೆರೆಯವರು ತಟ್ಟೆಯನ್ನು ಕೊಟ್ಟು "ಸ್ವಲ್ಪವಾದರೂ ತಿನ್ನು" ಎನ್ನುತ್ತಾರೆ. ಆ ತುತ್ತು ಸತ್ತವರನ್ನು ಮರೆಯುವುದಕ್ಕಲ್ಲ. ಬದುಕಿರುವವರನ್ನು ಬದುಕಿನ ಕಡೆಗೆ ಮರಳಿ ಕರೆತರುವುದಕ್ಕೆ. ಪೊಂಪೇಯಿಯ ಜನರೂ ಇದನ್ನು ಅರಿತಿದ್ದರು. ನಗರದ ಹೆರ್ಕುಲೇನಿಯಂ ದ್ವಾರದ ಹೊರಗೆ, ಸಮಾಧಿಗಳು ಸಾಲಾಗಿ ನಿಂತಿರುವ ರಸ್ತೆಯಲ್ಲಿ, ವಿಬಿಯುಸ್ ಸತುರ್ನೀನುಸ್ ಎಂಬಾತನ ಹೆಸರಿನ ಸಮಾಧಿಯೊಂದಿದೆ. ಅದು ಒಂದು ಊಟದ ಮನೆಯ ರೂಪದಲ್ಲಿದೆ: ಮೂರು ಕಡೆ ಒರಗಿ ಕೂರುವ ಕಲ್ಲುಗಾರೆಯ ಜಗಲಿ, ನಡುವೆ ಮೇಜು. ಬಂಧುಗಳು ಅಲ್ಲಿ ನೆರೆದು ಅಗಲಿದವನ ನೆನಪಿನಲ್ಲಿ ಉಣ್ಣುತ್ತಿದ್ದರು. ರೋಮನ್ನರ ಕೆಲವು ಸಮಾಧಿಗಳಲ್ಲಿ ಸತ್ತವರಿಗೂ ದ್ರಾಕ್ಷಾರಸದ ಪಾಲು ತಲುಪಲೆಂದು ಮಣ್ಣಿನೊಳಕ್ಕೆ ಕೊಳವೆಯನ್ನೇ ಇಡುತ್ತಿದ್ದರು. ಊಟವನ್ನೂ ಸಮಾಧಿಯನ್ನೂ ಬೇರ್ಪಡಿಸಬೇಕೆಂಬ ಕಟ್ಟುನಿಟ್ಟು ಅವರಿಗೂ ಇರಲಿಲ್ಲ, ನಮಗೂ ಇಲ್ಲ.

ಹಾಗಾದರೆ ತೊಡಕು ಎಲ್ಲಿದೆ? ಸಾವಿನ ಮನೆಯಲ್ಲಿ ಊಟ ಮಾಡುವವನಿಗೆ ಸತ್ತವನು ಯಾರೆಂದು ಗೊತ್ತು. ಟಿಕೆಟು ಕೊಂಡವನಿಗೆ ಗೊತ್ತಿಲ್ಲ. ಅವನ ಪಾಲಿಗೆ ಸತ್ತವರು ಬೆಳಗಿನ ಕಾರ್ಯಕ್ರಮ, ದ್ರಾಕ್ಷಾರಸ ಮಧ್ಯಾಹ್ನದ ಕಾರ್ಯಕ್ರಮ. ಎರಡನ್ನೂ ಒಂದೇ ಬೆಲೆಗೆ ಕೊಂಡಾಗ ಎರಡೂ ಒಂದೇ ಜಾತಿಯ ವಸ್ತುಗಳಾಗಿಬಿಡುವ ಅಪಾಯವಿದೆ. ಪ್ರಶ್ನೆ ಇರುವುದು ಬಟ್ಟಲಿನಲ್ಲಲ್ಲ, ಬಟ್ಟಲೆತ್ತುವ ಮುನ್ನ ನಾವು ನೋಡಿದ ನೋಟದಲ್ಲಿ.

ಅಲ್ಲಿ ನಡೆದುದೇನೆಂದು ತಿಳಿಯೋಣ. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಸಿಡಿಯಿತು. ಅಲ್ಲಿನ ಜನ ಅದನ್ನು ಬೆಂಕಿಯ ಬೆಟ್ಟವೆಂದು ಭಾವಿಸಿರಲಿಲ್ಲ. ಪೊಂಪೇಯಿಯ ಮನೆಯೊಂದರಲ್ಲಿ ದೊರೆತು ಇಂದು ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿರುವ ಒಂದು ಭಿತ್ತಿಚಿತ್ರದಲ್ಲಿ ಬೆಟ್ಟವೊಂದು ದ್ರಾಕ್ಷಿಬಳ್ಳಿಗಳನ್ನು ಹೊದ್ದು ನಿಂತಿದೆ; ಪಕ್ಕದಲ್ಲಿ ಮೈಯೆಲ್ಲ ದ್ರಾಕ್ಷಿಗೊಂಚಲನ್ನೇ ತೊಟ್ಟ ಬಾಕುಸ್ ದೇವತೆ. ತಮಗೆ ಅನ್ನ ಕೊಟ್ಟ ಬೆಟ್ಟವನ್ನು ಅವರು ಹೀಗೆ ಕಂಡಿದ್ದರು. ಕೊಲ್ಲಿಯ ಆಚೆ ದಡದಿಂದ ಆ ಸಿಡಿತವನ್ನು ಕಂಡ ಕಿರಿಯ ಪ್ಲಿನಿಯು ಇತಿಹಾಸಕಾರ ತಾಸಿತುಸನಿಗೆ ಬರೆದ ಪತ್ರಗಳು ಉಳಿದುಬಂದಿವೆ. ಪೈನ್ ಮರದಂತೆ ಮೇಲೇರಿ ಕವಲೊಡೆದ ಮೋಡವನ್ನು ಆತ ಅವುಗಳಲ್ಲಿ ವರ್ಣಿಸಿದ್ದಾನೆ. ಜನರನ್ನು ಕಾಪಾಡಲು ಹಡಗಿನಲ್ಲಿ ಹೋದ ಅವನ ಸೋದರಮಾವ ಹಿರಿಯ ಪ್ಲಿನಿಯು ಮರಳಿ ಬರಲಿಲ್ಲ. ಆ ದಿನ ಆಗಸ್ಟ್ 24 ಎಂದು ಬಹುಕಾಲ ನಂಬಲಾಗಿತ್ತು. 2018ರಲ್ಲಿ ಗೋಡೆಯೊಂದರ ಮೇಲೆ ಇದ್ದಿಲಿನಿಂದ ಬರೆದ ಅಕ್ಟೋಬರ್ ಮಧ್ಯದ ದಿನಾಂಕವೊಂದು ಬೆಳಕಿಗೆ ಬಂದ ಮೇಲೆ ಅನೇಕ ವಿದ್ವಾಂಸರು ಅದು ಶರತ್ಕಾಲದಲ್ಲಿ ನಡೆದಿರಬೇಕೆಂದು ಹೇಳುತ್ತಾರೆ. ಆ ವರ್ಷದ ದ್ರಾಕ್ಷಿಯ ಕೊಯ್ಲು ಮುಗಿದು, ಹೊಸ ರಸವನ್ನು ನೆಲದಲ್ಲಿ ಹೂತ ದೊಡ್ಡ ಮಡಿಕೆಗಳಲ್ಲಿ ಮುಚ್ಚಿಟ್ಟಿದ್ದ ಕುರುಹುಗಳೂ ಇದಕ್ಕೆ ಪೂರಕವಾಗಿವೆ. ಅವರು ತಮ್ಮ ಹೊಸ ದ್ರಾಕ್ಷಾರಸವನ್ನು ಕುಡಿಯಲಿಲ್ಲ.

ಮೊದಲ ದಿನ ಗಂಟೆಗಟ್ಟಲೆ ಹಗುರ ಕಲ್ಲುಗಳ ಮಳೆ ಸುರಿಯಿತು. ಅನೇಕರು ಊರು ಬಿಟ್ಟರು. ಮನೆಗಳಲ್ಲಿ ಅಡಗಿದವರನ್ನೂ, ತಡವಾಗಿ ಹೊರಟವರನ್ನೂ ಮರುದಿನ ಬೆಳಿಗ್ಗೆ ಬೆಟ್ಟದಿಂದ ಉರುಳಿಬಂದ ಸುಡುಬೂದಿಯ ಅಲೆಗಳು ಹಿಡಿದವು. ಸಾವಿರಕ್ಕೂ ಹೆಚ್ಚು ಜನರ ಅವಶೇಷಗಳು ಈವರೆಗೆ ದೊರೆತಿವೆ. ಅಗೆತ 1748ರಲ್ಲಿ ಆರಂಭವಾಯಿತು. ಊರಿನ ಸುಮಾರು ಮೂರನೆಯ ಒಂದು ಭಾಗ ಇಂದಿಗೂ ಮಣ್ಣಿನಡಿಯಲ್ಲೇ ಇದೆ. ದೇಹಗಳು ಕರಗಿದ ಕಡೆ ಗಟ್ಟಿಯಾದ ಬೂದಿಯಲ್ಲಿ ಪೊಳ್ಳು ಉಳಿದಿತ್ತು. 1863ರಲ್ಲಿ ಜ್ಯುಸೆಪ್ಪೆ ಫಿಯೊರೆಲ್ಲಿ ಎಂಬ ಪುರಾತತ್ವಜ್ಞ ಆ ಪೊಳ್ಳುಗಳಿಗೆ ಪ್ಲಾಸ್ಟರನ್ನು ಎರೆದು, ಅದು ಗಟ್ಟಿಯಾದ ಮೇಲೆ ಸುತ್ತಲಿನ ಬೂದಿಯನ್ನು ಬಿಡಿಸಿದ. ಬಟ್ಟೆಯ ಮಡಿಕೆ, ಮುಖಕ್ಕೆ ಅಡ್ಡ ಹಿಡಿದ ಕೈ, ಮುದುಡಿದ ಕಾಲು ಎಲ್ಲವೂ ಕಾಣಿಸಿಕೊಂಡವು. ಪ್ರವಾಸಿಗರು ಇಂದು ನೋಡುವ ಆಕೃತಿಗಳು ಇವೇ. ಅವು ಶಿಲ್ಪಗಳಲ್ಲ. ಎಷ್ಟೋ ಆಕೃತಿಗಳ ಪ್ಲಾಸ್ಟರಿನೊಳಗೆ ಆ ಮನುಷ್ಯರ ಎಲುಬುಗಳು ಇಂದಿಗೂ ಇವೆ.

ಇನ್ನೊಂದು ಸಂಗತಿಯನ್ನು ಗಮನಿಸಿ. ಊರಿನ ದಕ್ಷಿಣ ತುದಿಯಲ್ಲಿ 'ಪಲಾಯನಗೈದವರ ತೋಟ' ಎಂದು ಕರೆಯಲಾಗುವ ಜಾಗವಿದೆ. 1961ರಲ್ಲಿ ಅಲ್ಲಿ ದೊಡ್ಡವರು ಮಕ್ಕಳು ಸೇರಿ ಹದಿಮೂರು ಜನರ ಆಕೃತಿಗಳು ದೊರೆತವು. ಅವರು ಬಿದ್ದ ಜಾಗ ಒಂದು ದ್ರಾಕ್ಷಿತೋಟವಾಗಿತ್ತು. ಅದೇ ದಶಕದಲ್ಲಿ ವಿಲ್ಹೆಲ್ಮಿನಾ ಜಾಶೆಮ್ಸ್ಕಿ ಎಂಬ ಅಮೆರಿಕದ ವಿದುಷಿ ಕ್ರೀಡಾಂಗಣದ ಬಳಿ ಅಗೆಸಿದಾಗ ದ್ರಾಕ್ಷಿಬೇರುಗಳು ಕೊಳೆತು ಉಳಿದ ಪೊಳ್ಳುಗಳು ಸಾಲುಸಾಲಾಗಿ ಸಿಕ್ಕವು. ಅವುಗಳಿಗೆ ಸಿಮೆಂಟನ್ನು ತುಂಬಿಸಿ ಬೇರುಗಳ ಆಕಾರವನ್ನು ಪಡೆದರು. ಮನುಷ್ಯರ ಆಕೃತಿಯನ್ನೂ ಬಳ್ಳಿಯ ಆಕೃತಿಯನ್ನೂ ನಮಗೆ ಕೊಟ್ಟದ್ದು ಒಂದೇ ಬೂದಿ, ಒಂದೇ ಉಪಾಯ. 1990ರ ದಶಕದಿಂದ ಅವಶೇಷಗಳ ನಡುವೆಯೇ, ಹಿಂದೆ ಬಳ್ಳಿಗಳಿದ್ದ ನೆಲದಲ್ಲಿ ಮತ್ತೆ ದ್ರಾಕ್ಷಿಯನ್ನು ನೆಟ್ಟು ದ್ರಾಕ್ಷಾರಸವನ್ನೂ ತೆಗೆಯಲಾಗಿದೆ. ಆದುದರಿಂದ ಬೆಳಗಿನ ಜಾಗ ಬೇರೆ, ಮಧ್ಯಾಹ್ನದ ಜಾಗ ಬೇರೆ ಎಂದು ನಾವು ಸಮಾಧಾನ ಹೇಳಿಕೊಳ್ಳುವಂತಿಲ್ಲ.

"ಆದರೆ ಅದು ಬಹಳ ಹಳೆಯದಲ್ಲವೆ?" ಎಂಬ ಮಾತಿಗೆ ಬರೋಣ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ಲಾರಿಗಳವರು ಮಣ್ಣಿನೊಡನೆ ಗಂಗಾವಳಿ ನದಿಯ ಪಾಲಾದರು. ಒಬ್ಬ ಚಾಲಕನ ದೇಹಕ್ಕಾಗಿ ಎರಡು ತಿಂಗಳಿಗೂ ಹೆಚ್ಚು ಕಾಲ ನದಿಯಲ್ಲಿ ಹುಡುಕಿದರು. ಆ ದಂಡೆಯಲ್ಲಿ ಯಾರಾದರೂ ಮೇಜು ಹಾಕಿ ಪ್ರವಾಸಿಗರಿಗೆ ಪಾನೀಯದ ರುಚಿ ತೋರಿಸಿದರೆ ನಾವು ಸುಮ್ಮನಿರುತ್ತೇವೆಯೆ? ಇಲ್ಲ. ಐವತ್ತು ವರ್ಷಗಳ ಮೇಲೆ? ಇನ್ನೂರು ವರ್ಷಗಳ ಮೇಲೆ? ಎಲ್ಲಿ ಗೆರೆ ಎಳೆಯುತ್ತೀರಿ?

ಪೊಂಪೇಯಿಯಲ್ಲೂ ಬೀದಿಬದಿಯ ಊಟದಂಗಡಿಗಳಿದ್ದವು, ಎಂಬತ್ತರಷ್ಟು. ಒಂದು ಪಾನಗೃಹದ ಗೋಡೆಯಲ್ಲಿ ದರಪಟ್ಟಿ ಸಿಕ್ಕಿದೆ: ಒಂದು ಕಾಸಿಗೆ ಸಾಧಾರಣ ದ್ರಾಕ್ಷಾರಸ, ಎರಡಕ್ಕೆ ಅದಕ್ಕಿಂತ ಒಳ್ಳೆಯದು, ನಾಲ್ಕಕ್ಕೆ ಹೆಸರಾಂತ ಫಲೆರ್ನಿಯ ಪ್ರದೇಶದ್ದು. 2020ರ ಡಿಸೆಂಬರಿನಲ್ಲಿ ಲೋಕಕ್ಕೆ ಪರಿಚಯಿಸಲಾದ ಇನ್ನೊಂದು ಅಂಗಡಿಯ ಮಡಿಕೆಗಳಲ್ಲಿ ಬಾತುಕೋಳಿ, ಹಂದಿ, ಆಡು, ಮೀನುಗಳ ಶೇಷವಿತ್ತು. ಅದೇ ಅಂಗಡಿಯಲ್ಲಿ ಸುಮಾರು ಐವತ್ತರ ಪ್ರಾಯದ ಒಬ್ಬ ಮನುಷ್ಯನ ಎಲುಬುಗಳೂ ಇದ್ದವು. ಶಿರೂರಿನ ಚಹಾದಂಗಡಿಗೂ ಇದಕ್ಕೂ ನಡುವೆ ಇರುವುದು ಕಾಲ ಮಾತ್ರ. ಕಾಲವು ಅಳುವವರನ್ನು ಕೊಂಡೊಯ್ಯುತ್ತದೆ. ಸತ್ತವನ ಮನುಷ್ಯತ್ವವನ್ನು ಕೊಂಡೊಯ್ಯುವುದಿಲ್ಲ. ಅಳುವವರು ಉಳಿದಿಲ್ಲವೆಂಬ ಕಾರಣಕ್ಕೆ ನಮ್ಮ ಕರ್ತವ್ಯದ ರೂಪ ಬದಲಾಗಬಹುದು. ಶೋಕಾಚರಣೆ ಇಂದು ನಮ್ಮಿಂದ ಯಾರೂ ಬಯಸರು. ಆದರೆ ಕರ್ತವ್ಯವೇ ಇಲ್ಲವೆಂದು ಹೇಳಲು ಬರುವುದಿಲ್ಲ. ಹಾಗಾದರೆ ಆ ಕರ್ತವ್ಯ ಯಾವುದು? ಮೂರು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಸತ್ತವರಿಗೆ ತೀರ್ಪು ನೀಡದಿರುವುದು. ಪೊಂಪೇಯಿಯ ಒಂದು ಮನೆಯ ಗೋಡೆಯಲ್ಲಿ ಸೊದೋಮ್ ಗೊಮೋರ ಎಂದು ಯಾರೋ ಇದ್ದಿಲಿನಿಂದ ಗೀಚಿದ್ದಾರೆ. ಬರೆದವರು ಯಾರೇ ಆಗಿರಲಿ, ಅವರ ಮಾತನ್ನು ಇಂದಿಗೂ ಅನೇಕರು ಆಡುತ್ತಾರೆ: ಅದು ಭೋಗದ ನಗರವಾಗಿತ್ತು, ಅದಕ್ಕೆ ತಕ್ಕ ಶಿಕ್ಷೆಯಾಯಿತು ಎಂದು. ಕೆಲವು ಮನೆಗಳ ಗೋಡೆಚಿತ್ರಗಳನ್ನು ನೋಡಿ ನಕ್ಕು ಮುಂದೆ ಸಾಗುವ ಪ್ರವಾಸಿಯೂ ಒಳಗೊಳಗೇ ಈ ತೀರ್ಪನ್ನು ಒಪ್ಪಿರುತ್ತಾನೆ. ಆದರೆ ಸಿಲೋವಾಮಿನ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂಬ ಎಣಿಕೆಯನ್ನು ಯೇಸುಸ್ವಾಮಿ ನೇರವಾಗಿ ತಳ್ಳಿಹಾಕಿದರೆಂದು ಸಂತ ಲೂಕರ ಶುಭಸಂದೇಶ ತಿಳಿಸುತ್ತದೆ. ಆ ದುರಂತವನ್ನು ಅವರು ಕೇಳುಗರ ಕಡೆಗೇ ತಿರುಗಿಸಿದರು. ಬೂದಿಯು ಆ ಊರಿನ ದುಷ್ಟರನ್ನು ಆರಿಸಿ ಕೊಂದಿಲ್ಲ. ನಡೆಯಲಾರದ ಮುದುಕರನ್ನೂ, ತೋಟದ ಗೋಡೆಯ ಬದಿಯ ಮಕ್ಕಳನ್ನೂ ಕೊಂದಿತು. ಸತ್ತವರನ್ನು ದೂಷಿಸಿದರೆ ನಮಗೆ ಒಂದು ಅನುಕೂಲವಿದೆ: ಅವರಿಗಾದದ್ದು ನಮಗಾಗದು ಎಂಬ ನೆಮ್ಮದಿ ದೊರೆಯುತ್ತದೆ. ಆ ನೆಮ್ಮದಿ ಸುಳ್ಳು.

ಎರಡನೆಯದು, ಸತ್ತವರ ಬಾಯಲ್ಲಿ ನಮ್ಮ ಕತೆಗಳನ್ನು ತುರುಕದಿರುವುದು. 'ಚಿನ್ನದ ಕಡಗದ ಮನೆ' ಎಂಬಲ್ಲಿ ದೊರೆತ ಆಕೃತಿಗಳಲ್ಲಿ, ಕಡಗ ತೊಟ್ಟ ಒಬ್ಬ ವಯಸ್ಕ ವ್ಯಕ್ತಿಯ ಮಡಿಲಲ್ಲಿ ಒಂದು ಮಗುವಿತ್ತು. ಇವಳು ತಾಯಿ, ಅದು ಅವಳ ಕೂಸು ಎಂದು ತಲೆಮಾರುಗಳವರೆಗೆ ಹೇಳಲಾಯಿತು, ಕೇಳಿದವರು ಕಣ್ಣೀರಿಟ್ಟರು. 2024ರ ನವೆಂಬರಿನಲ್ಲಿ ಪ್ರಕಟವಾದ ಡಿಎನ್ಎ ಅಧ್ಯಯನವು ಆ ವಯಸ್ಕ ವ್ಯಕ್ತಿ ಗಂಡಸೆಂದೂ, ಮಗುವಿನೊಡನೆ ರಕ್ತಸಂಬಂಧ ಇರಲಿಲ್ಲವೆಂದೂ ತೋರಿಸಿತು. ಅಪ್ಪಿಕೊಂಡು ಸತ್ತ ಅಕ್ಕತಂಗಿಯರೋ ತಾಯಿಮಗಳೋ ಎಂದು ಹೇಳಲಾಗುತ್ತಿದ್ದ ಇನ್ನೊಂದು ಜೋಡಿಯಲ್ಲಿ ಒಬ್ಬನಾದರೂ ಗಂಡಸೆಂದು ತಿಳಿದುಬಂತು. ನಾವು ಅತ್ತದ್ದು ಅವರಿಗಾಗಿ ಅಲ್ಲ, ನಾವೇ ಕಟ್ಟಿದ ಕತೆಗಾಗಿ. ಕರುಣೆ ಒಳ್ಳೆಯದೇ. ಆದರೆ ಸತ್ಯದ ಆಧಾರವಿಲ್ಲದ ಕರುಣೆ ಎದುರಿನವನನ್ನು ನೋಡುವುದಿಲ್ಲ, ತನ್ನನ್ನೇ ನೋಡಿಕೊಳ್ಳುತ್ತದೆ. ಆ ಮನುಷ್ಯ ಯಾರು, ಆ ಮಗು ಅವನ ಬಳಿಗೆ ಹೇಗೆ ಬಂತು ಎಂಬುದಕ್ಕೆ ಇನ್ನೊಂದು ಹೊಸ ಕತೆಯನ್ನು ಕಟ್ಟಲು ಮನಸ್ಸು ಈಗಲೂ ತವಕಿಸುತ್ತದೆ. ಬೇಡ. ಹೆಸರು ಗೊತ್ತಿಲ್ಲದವರನ್ನು ಹೆಸರು ಗೊತ್ತಿಲ್ಲದವರಾಗಿಯೇ ಗೌರವಿಸಲು ಸಾಧ್ಯ. ನವೆಂಬರ್ ತಿಂಗಳಲ್ಲಿ ನಾವು ಸ್ಮಶಾನಗಳಲ್ಲಿ ಮೇಣದ ಬತ್ತಿ ಹಚ್ಚುವಾಗ ಬರಹ ಅಳಿಸಿಹೋದ ಸಮಾಧಿಗಳಿಗೂ ಒಂದನ್ನು ಹಚ್ಚುವುದಿಲ್ಲವೆ?

ಮೂರನೆಯದು, ಕಾಣದೆ ದುಡಿದವರನ್ನು ಲೆಕ್ಕಕ್ಕೆ ಹಿಡಿಯುವುದು. ರುಚಿಯ ಮೇಜಿಗೆ ಕುಳಿತವರಿಗೆ ಆ ನಾಡಿನ ದ್ರಾಕ್ಷಾರಸದ ಪ್ರಾಚೀನ ಕೀರ್ತಿಯನ್ನು ಹೇಳುತ್ತಾರೆ. ಅದು ನಿಜವಾದ ಕೀರ್ತಿ. ಅಗ್ನಿಪರ್ವತದ ಕಪ್ಪು ಮರಳು ಬೆರೆತ ಜೇಡಿಯಿಂದ ಮಾಡಿದ ಅಲ್ಲಿನ ದ್ರಾಕ್ಷಾರಸದ ಹೂಜಿಗಳ ಚೂರುಗಳು ಪುದುಚೇರಿಯ ಬಳಿಯ ಅರಿಕಮೇಡಿನಲ್ಲೂ ಕೇರಳದ ಪಟ್ಟಣಂನಲ್ಲೂ ದೊರೆತಿವೆ. 1938ರಲ್ಲಿ ಪೊಂಪೇಯಿಯ ಮನೆಯೊಂದರಲ್ಲಿ ಭಾರತದಲ್ಲಿ ಕೆತ್ತಿದ ದಂತದ ಪುಟ್ಟ ಸ್ತ್ರೀಮೂರ್ತಿ ಸಿಕ್ಕಿತು. ನಮ್ಮ ಕರಾವಳಿಗೂ ಆ ಬೆಟ್ಟಕ್ಕೂ ಅಂದೇ ವ್ಯಾಪಾರದ ನಂಟಿತ್ತು. ಆದರೆ ಆ ದ್ರಾಕ್ಷಿಯನ್ನು ತುಳಿದವರಾರು? ಬೋಸ್ಕೊರೆಯಾಲೆ ಎಂಬಲ್ಲಿ ಹದಿನೆಂಟು ದೊಡ್ಡ ಮಡಿಕೆಗಳನ್ನು ನೆಲದಲ್ಲಿ ಹೂತ ತೋಟದ ಮನೆಯೊಂದಿದೆ. ಅಂಥ ತೋಟಗಳು ಬಹುಪಾಲು ಗುಲಾಮರ ದುಡಿಮೆಯಿಂದ ನಡೆಯುತ್ತಿದ್ದವು. ನಗರದ ಹೊರವಲಯದ ಚಿವಿತಾ ಜುಲಿಯಾನಾದಲ್ಲಿ 2021ರಲ್ಲಿ ಗುಲಾಮರ ಕೋಣೆಯೊಂದು ಬೆಳಕಿಗೆ ಬಂತು: ಮೂರು ಮಂಚಗಳು, ಅವುಗಳಲ್ಲಿ ಒಂದು ಬಹುಶಃ ಮಗುವಿನದಾಗಿದ್ದ ಗಿಡ್ಡ ಮಂಚ, ಮೂಲೆಯಲ್ಲಿ ಯಜಮಾನರ ಹೂಜಿಗಳ ದಾಸ್ತಾನು. ಸರಕಿನ ನಡುವೆ ಅವರು ಸರಕಿನಂತೆ ಮಲಗುತ್ತಿದ್ದರು. ಇವರನ್ನು ನೆನೆಯದೆ ಆ ಕೀರ್ತಿಯನ್ನು ಮಾತ್ರ ಸವಿಯುವುದು ಅರ್ಧ ಸತ್ಯವನ್ನು ಕುಡಿದಂತೆ. ಹಾಗೆಯೇ ಇಂದು ಆ ಮೇಜಿಗೆ ತಟ್ಟೆ ತರುವ ಹುಡುಗಿಯನ್ನೂ, ಕೊಯ್ಲಿನ ಕಾಲದಲ್ಲಿ ಬೇರೆ ದೇಶಗಳಿಂದ ಬಂದು ದುಡಿಯುವವರನ್ನೂ ನೋಡುವ ಕಣ್ಣು ನಮಗೆ ಬೇಕು.

ಇನ್ನು ಆ ದ್ರಾಕ್ಷಾರಸದ ಹೆಸರಿನ ವಿಷಯ. ವೆಸೂವಿಯಸ್ ಬೆಟ್ಟದ ಪ್ರಸಿದ್ಧ ದ್ರಾಕ್ಷಾರಸಕ್ಕೆ ಲಾಕ್ರಿಮಾ ಕ್ರಿಸ್ತಿ, ಎಂದರೆ 'ಕ್ರಿಸ್ತರ ಕಣ್ಣೀರು' ಎಂದು ಹೆಸರು. ಲೂಸಿಫರನು ಸ್ವರ್ಗದಿಂದ ತಳ್ಳಲ್ಪಟ್ಟಾಗ ಅದರ ಒಂದು ತುಣುಕನ್ನು ಕದ್ದು ತಂದನೆಂದೂ, ಅದೇ ನೇಪಲ್ಸಿನ ಕೊಲ್ಲಿಯೆಂದೂ, ಅದನ್ನು ಕಂಡ ಕ್ರಿಸ್ತರು ಅತ್ತಾಗ ಕಣ್ಣೀರು ಬಿದ್ದಲ್ಲಿ ದ್ರಾಕ್ಷಿಬಳ್ಳಿ ಚಿಗುರಿತೆಂದೂ ಜನಪದ ಕತೆ. 1983ರಿಂದ ಈ ಹೆಸರಿಗೆ ಇಟಲಿಯಲ್ಲಿ ಕಾನೂನಿನ ರಕ್ಷಣೆಯಿದೆ. ಪವಿತ್ರ ಹೆಸರು ಸೀಸೆಯ ಮೇಲಿರುವುದು ಕೆಲವರಿಗೆ ಮುಜುಗರ ತರಬಹುದು. ಆದರೆ ಆ ಕತೆಯನ್ನು ಕಟ್ಟಿದ ರೈತರು ಒಂದು ಸತ್ಯವನ್ನು ಬಲ್ಲವರಾಗಿದ್ದರು: ಅವರ ಬಳ್ಳಿ ಬೇರೂರಿರುವುದು ದುಃಖದ ನೆಲದಲ್ಲಿ. ಮಣ್ಣನ್ನು ಫಲವತ್ತಾಗಿಸುವ ಬೂದಿಯೇ ಮನೆಗಳನ್ನು ಮುಚ್ಚುವ ಬೂದಿ. 1631ರ ಸಿಡಿತದಲ್ಲಿ ಸಾವಿರಾರು ಜನ ಸತ್ತರು. 1944ರ ಮಾರ್ಚಿನ ಸಿಡಿತ ಸಾನ್ ಸೆಬಾಸ್ತಿಯಾನೊ ಮತ್ತು ಮಾಸ್ಸಾ ಎಂಬ ಹಳ್ಳಿಗಳನ್ನು ಹಾಳುಗೆಡವಿತು. ಅದೇ ಕೊನೆಯದು, ಆದರೆ ಬೆಟ್ಟ ಸತ್ತಿಲ್ಲ. ಅತ್ಯಂತ ಅಪಾಯದ ವಲಯವೆಂದು ಸರ್ಕಾರ ಗುರುತಿಸಿರುವ ಇಪ್ಪತ್ತೈದು ಪುರಸಭೆಗಳ ವ್ಯಾಪ್ತಿಯಲ್ಲಿ ಇಂದು ಆರು ಲಕ್ಷಕ್ಕೂ ಹೆಚ್ಚು ಜನ ವಾಸಿಸುತ್ತಿದ್ದಾರೆ. ಪ್ರವಾಸಿಯ ಬಟ್ಟಲನ್ನು ತುಂಬಿಸುವವರೂ ಅವರೇ. ಅವರ ಮೇಜಿಗೆ ಕುಳಿತು ಊಟಕ್ಕೆ ಹಣ ಕೊಡುವುದು ಆ ಬೆಟ್ಟದ ಮಕ್ಕಳಿಗೆ ಅನ್ನ ಕೊಟ್ಟಂತೆಯೂ ಆಗುತ್ತದೆ. ಆದುದರಿಂದ ಆ ಊಟ ಕೇವಲ ಮೋಜೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಸಮಾಧಿಯ ಬಳಿ ದ್ರಾಕ್ಷಾರಸ ಎಂಬ ಪ್ರಶ್ನೆ ಧರ್ಮಸಭೆಗೆ ಹೊಸದಲ್ಲ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಂತ ಅಗುಸ್ತೀನರ ತಾಯಿ ಮೋನಿಕಾ ಮಿಲಾನ್ ನಗರಕ್ಕೆ ಬಂದಾಗ ನಡೆದುದನ್ನು ಮಗ ತಮ್ಮ 'ನಿವೇದನೆ'ಗಳ ಆರನೆಯ ಭಾಗದಲ್ಲಿ ದಾಖಲಿಸಿದ್ದಾರೆ. ಆಫ್ರಿಕಾದಲ್ಲಿದ್ದ ಕಾಲದ ರೂಢಿಯಂತೆ ಆಕೆ ಗಂಜಿ, ರೊಟ್ಟಿ, ದ್ರಾಕ್ಷಾರಸಗಳ ಬುಟ್ಟಿಯನ್ನು ಹಿಡಿದು ರಕ್ತಸಾಕ್ಷಿಗಳ ಸಮಾಧಿಗೆ ಹೋದರು. ಆಕೆಯ ಬಳಿ ಇರುತ್ತಿದ್ದದ್ದು ನೀರು ಬೆರೆಸಿದ ಒಂದೇ ಒಂದು ಚಿಕ್ಕ ಬಟ್ಟಲು. ಎಷ್ಟು ಸಮಾಧಿಗಳಿದ್ದರೂ ಅದನ್ನೇ ಒಯ್ದು ಜೊತೆಗಿದ್ದವರೊಡನೆ ಗುಟುಕು ಗುಟುಕಾಗಿ ಹಂಚಿಕೊಳ್ಳುವರು. ಬಾಗಿಲು ಕಾಯುವವನು ಆಕೆಯನ್ನು ತಡೆದನು. ಬಿಷಪರಾದ ಸಂತ ಅಂಬ್ರೋಸರು ಆ ಪದ್ಧತಿಯನ್ನು ನಿಷೇಧಿಸಿದ್ದರು. ಕುಡುಕರಿಗೆ ಅದು ನೆಪವಾಗುತ್ತಿತ್ತು, ಹಳೆಯ ರೋಮನ್ ಆಚರಣೆಗಳನ್ನೂ ಹೋಲುತ್ತಿತ್ತು. ಮೋನಿಕಾ ಮರುಮಾತಾಡದೆ ಒಪ್ಪಿದರು. ಅಂದಿನಿಂದ ಬುಟ್ಟಿಯ ಬದಲು ಪ್ರಾರ್ಥನೆ ತುಂಬಿದ ಹೃದಯವನ್ನು ಸಮಾಧಿಗೆ ಒಯ್ದರು. ಕೈಲಾದುದನ್ನು ಬಡವರಿಗೆ ಕೊಟ್ಟರು.

ಈ ಪ್ರಸಂಗದಲ್ಲಿ ಇಬ್ಬರೂ ಸರಿ. ಆ ಚಿಕ್ಕ ಬಟ್ಟಲಿನಲ್ಲಿ ಪಾಪವಿರಲಿಲ್ಲ. ಆಕೆ ಅಲ್ಲಿಗೆ ಹೋದದ್ದು ನೆನಪಿಗಾಗಿ, ಸುಖಕ್ಕಾಗಿ ಅಲ್ಲ. ಆದರೆ ಒಬ್ಬರ ನೆನಪಿನ ಬಟ್ಟಲು ನೂರು ಜನರ ಮರೆವಿನ ಬಟ್ಟಲಾಗಬಲ್ಲದೆಂದು ಅಂಬ್ರೋಸರು ಕಂಡಿದ್ದರು. ನನಗೆ ಬಹಳ ಮುಖ್ಯವೆನಿಸುವುದು ಕೊನೆಯ ಮಾತು. ಸತ್ತವರಿಗೆಂದು ತಂದದ್ದು ಬದುಕಿರುವ ಬಡವರ ಕೈ ಸೇರಿತು. ಸತ್ತವರಿಗೆ ನಾವು ಏನನ್ನೂ ತಿನ್ನಿಸಲಾರೆವು. ಅವರನ್ನು ನೋಡಿ ಕಲಿತ ಕರುಣೆಯನ್ನು ಬದುಕಿರುವವರಿಗೆ ಕೊಡಬಲ್ಲೆವು.

ಪೊಂಪೇಯಿಯಲ್ಲೇ ಇದಕ್ಕೊಂದು ನಿದರ್ಶನವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ವಿದ್ಯಾವಂತರೆಲ್ಲ ಆ ಅವಶೇಷಗಳನ್ನು ನೋಡಲು ಬರುತ್ತಿದ್ದರು. 1872ರಲ್ಲಿ ಬಾರ್ತೊಲೊ ಲೋಂಗೊ ಎಂಬ ವಕೀಲರು ಒಬ್ಬ ಜಮೀನ್ದಾರಿಣಿಯ ಆಸ್ತಿಯ ಕೆಲಸದ ಮೇಲೆ ಅದೇ ಕಣಿವೆಗೆ ಬಂದರು. ಅವರ ಕಣ್ಣಿಗೆ ಬಿದ್ದವರು ಅಲ್ಲಿ ಬದುಕಿದ್ದ ಬಡ ಒಕ್ಕಲು ಮಕ್ಕಳು. 1875ರಲ್ಲಿ ಗೊಬ್ಬರದ ಗಾಡಿಯಲ್ಲಿ ಬಂದ ಜಪಸರ ಮಾತೆಯ ಹಳೆಯ ಚಿತ್ರಪಟವೊಂದರ ಸುತ್ತ ಅವರು ದೇವಾಲಯವನ್ನು ಕಟ್ಟಿಸಿದರು. ಅನಾಥ ಬಾಲಕಿಯರಿಗೆ ಆಶ್ರಯ ಮಾಡಿದರು. 1892ರಲ್ಲಿ ಸೆರೆಮನೆಯಲ್ಲಿರುವವರ ಗಂಡುಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ಆರಂಭಿಸಿದರು. ಅಪರಾಧಿಯ ಮಗ ಅಪರಾಧಿಯೇ ಆಗುವನೆಂದು ಪಂಡಿತರು ಹೇಳುತ್ತಿದ್ದ ಕಾಲವದು. 2025ರ ಅಕ್ಟೋಬರ್ 19ರಂದು ಪೋಪ್ ಹದಿನಾಲ್ಕನೆಯ ಲಿಯೋ ಅವರನ್ನು ಸಂತರೆಂದು ಘೋಷಿಸಿದರು. ಒಂದೇ ಕಣಿವೆಯಲ್ಲಿ ಸತ್ತವರನ್ನು ನೋಡಲು ಲಕ್ಷ ಜನ ಬಂದಾಗ ಬದುಕಿರುವವರನ್ನು ನೋಡಿದ ಒಬ್ಬರು ಇದ್ದರು.

ಆದುದರಿಂದ, ಪ್ರಿಯ ಓದುಗರೇ, ಆ ಟಿಕೆಟನ್ನು ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಅವಕಾಶ ದೊರೆತರೆ ಹೋಗಿ. ಜನದಟ್ಟಣೆಯಿಂದಾಗಿ 2024ರ ನವೆಂಬರಿನಿಂದ ಪೊಂಪೇಯಿಗೆ ದಿನಕ್ಕೆ ಇಪ್ಪತ್ತು ಸಾವಿರ ಜನರ ಮಿತಿ ಹಾಕಿ, ಹೆಸರು ಬರೆದ ಟಿಕೆಟುಗಳನ್ನು ಕೊಡಲಾರಂಭಿಸಿದರು. ನಿಮ್ಮ ಹೆಸರು ಆ ಚೀಟಿಯಲ್ಲಿ ಇರುತ್ತದೆ. ನೀವು ನೋಡಲಿರುವ ಬಹುಪಾಲು ಮಂದಿಗೆ ಹೆಸರಿಲ್ಲ ಎಂಬುದನ್ನು ನೆನಪಿಡಿ. ಗಾಜಿನ ಮುಂದೆ ನಿಂತಾಗ ಮೊಬೈಲನ್ನು ಜೇಬಿಗೆ ಹಾಕಿ ಒಂದು ನಿಮಿಷ ಸುಮ್ಮನೆ ನಿಲ್ಲಿ. ಮಕ್ಕಳು ಜೊತೆಗಿದ್ದರೆ ಅದು ಗೊಂಬೆಯಲ್ಲ, ನಮ್ಮಂತೆ ಒಬ್ಬ ಮನುಷ್ಯ ಎಂದು ತಿಳಿಸಿ. ಅಲ್ಲಿಂದ ಒಂದು ಕಲ್ಲಿನ ಚೂರನ್ನೂ ತರಬೇಡಿ. ಹಾಗೆ ತಂದವರು ಎಷ್ಟೋ ವರ್ಷಗಳ ಮೇಲೆ ಪತ್ರ ಬರೆದು ಅಂಚೆಯಲ್ಲಿ ಮರಳಿಸಿರುವುದುಂಟು.

ಬಳಿಕ ಬೆಟ್ಟದ ಮೇಜಿಗೆ ಕುಳಿತಾಗ, ಊಟದ ಮುಂಚಿನ ಪ್ರಾರ್ಥನೆಯಲ್ಲಿ ಬೆಳಿಗ್ಗೆ ಕಂಡವರನ್ನೂ, ಅಂದು ಆ ದ್ರಾಕ್ಷಿಯನ್ನು ತುಳಿದವರನ್ನೂ, ಇಂದು ಆ ಇಳಿಜಾರಿನಲ್ಲಿ ಮಲಗಿ ಏಳುವವರನ್ನೂ ಸೇರಿಸಿಕೊಳ್ಳಿ. ಆಮೇಲೆ ಆ ಬಟ್ಟಲನ್ನು ಮಿತವಾಗಿ, ಸಂತೋಷದಿಂದ, ಕೃತಜ್ಞತೆಯಿಂದ ಸ್ವೀಕರಿಸಿ. ಊರಿಗೆ ಮರಳಿದ ಮೇಲೆ, ಆ ದಿನಕ್ಕೆ ತಗುಲಿದ ವೆಚ್ಚದ ಒಂದು ಪಾಲನ್ನು ಮಳೆಗೋ ಮಣ್ಣಿಗೋ ಮನೆ ಕಳೆದುಕೊಂಡ ಒಂದು ಕುಟುಂಬಕ್ಕೆ ಕೊಡಿ. ನಮ್ಮ ಜಿಲ್ಲೆಗಳಲ್ಲಿ ಅಂಥವರನ್ನು ಬಹಳ ದೂರ ಹುಡುಕಬೇಕಾಗಿಲ್ಲ.